ಅಯನಚಲನವೂ ಉತ್ತರಾಯಣ ಸಂಕ್ರಮಣವೂ

ನಮ್ಮ ಪಂಚಾಂಗಗಳಲ್ಲಿ ಮಕರ ಸಂಕ್ರಮಣದ ದಿನಕ್ಕೆ ಎದುರಾಗಿ ‘ಉತ್ತರಾಯಣ ಪುಣ್ಯಕಾಲ’ ಎಂದು ಬರೆದಿರುತ್ತದೆ. ಸೂರ್ಯನು ತನ್ನ ಸಂಚಾರದ ದಕ್ಷಿಣದ ಎಲ್ಲೆಯನ್ನು ಮುಟ್ಟಿ ಉತ್ತರದ ಕಡೆಗೆ ಹೊರಳುವ ದಿನ ಅದು ಎಂಬುದೇ ಈ ಮಾತಿನ ಅರ್ಥ. ಆದರೆ ಮೈಸೂರಿನಲ್ಲಿ ಸಮತಟ್ಟಾದ ನೆಲದ ಮೇಲೆ ಹನ್ನೆರಡು ಅಂಗುಲದ ಶಂಕುವೊಂದನ್ನು ನಿಲ್ಲಿಸಿ ಪ್ರತಿದಿನದ ಮಧ್ಯಾಹ್ನದ ನೆರಳನ್ನು ಅಳೆಯುತ್ತ ಹೋದರೆ, ಆ ನೆರಳು ಅತ್ಯಂತ ಉದ್ದವಾಗುವುದು ಡಿಸೆಂಬರ್ ೨೧ ಅಥವಾ ೨೨ರಂದು. ಆಗ ಅದರ ಪ್ರಮಾಣ ಸುಮಾರು ೮.೬ ಅಂಗುಲ. ಜನವರಿ ೧೪ರ ವೇಳೆಗೆ ಅದು ೮ ಅಂಗುಲಕ್ಕೆ ಇಳಿದಿರುತ್ತದೆ. ಎಂದರೆ ಎಳ್ಳುಬೆಲ್ಲವನ್ನು ಹಂಚುವ ಹೊತ್ತಿಗೆ ಸೂರ್ಯನು ಉತ್ತರಕ್ಕೆ ತಿರುಗಿ ಆಗಲೇ ಮೂರು ವಾರಗಳ ಮೇಲಾಗಿರುತ್ತದೆ. ಹೆಸರಿಗೂ ನೆರಳಿಗೂ ನಡುವೆ ಬಿದ್ದಿರುವ ಈ ೨೪ ದಿನಗಳ ಅಂತರ ಒಂದು ದಿನದಲ್ಲಿ ಬಿದ್ದುದಲ್ಲ. ಅದಕ್ಕೆ ಸುಮಾರು ಒಂದೂವರೆ ಸಾವಿರ ವರ್ಷಗಳು ಹಿಡಿದಿವೆ. ಅದು ಬೆಳೆಯುತ್ತಿದ್ದುದನ್ನು ನಮ್ಮ ಪೂರ್ವಿಕ ಜ್ಯೋತಿರ್ವಿದರು ಅರಿಯದೆ ಇರಲಿಲ್ಲ. ಅರಿತೂ ಅದು ಉಳಿದು ಬಂದುದು ಹೇಗೆಂಬುದನ್ನೂ, ಶಾಸನಗಳನ್ನು ಓದುವ ಇತಿಹಾಸದ ವಿದ್ಯಾರ್ಥಿಗೆ ಅದರಿಂದ ಆಗಬೇಕಾದ ಎಚ್ಚರ ಏನೆಂಬುದನ್ನೂ ಇಲ್ಲಿ ವಿಚಾರ ಮಾಡಬಹುದು.

ಮೊದಲು ಖಗೋಳದ ಚಲನೆಗಳನ್ನು ಸಂಕ್ಷೇಪವಾಗಿ ನೆನಪಿಗೆ ತಂದುಕೊಳ್ಳುವುದು ಅವಶ್ಯಕ. ಭೂಮಿಯು ತನ್ನ ಅಕ್ಷದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಿರುವುದರಿಂದ ನಕ್ಷತ್ರಮಂಡಲವೆಲ್ಲವೂ ಪೂರ್ವದಿಂದ ಪಶ್ಚಿಮಕ್ಕೆ ಸುತ್ತುತ್ತಿರುವಂತೆ ಕಾಣುತ್ತದೆ. ಈ ಸುತ್ತಿನಲ್ಲಿ ಬಹುಮಟ್ಟಿಗೆ ಅಚಲವಾಗಿ ತೋರುವ ಸ್ಥಾನವೇ ಧ್ರುವ. ನೋಡುವವನ ಊರಿನ ಅಕ್ಷಾಂಶ ಎಷ್ಟೋ ಅಷ್ಟೇ ಎತ್ತರದಲ್ಲಿ ಧ್ರುವವು ಉತ್ತರದ ದಿಗಂತದ ಮೇಲೆ ನಿಂತಿರುತ್ತದೆ. ಮೈಸೂರಿನಲ್ಲಿ ೧೨ ಅಂಶಗಳಷ್ಟು, ಬೀದರಿನಲ್ಲಿ ೧೮ ಅಂಶಗಳಿಗೆ ಕೊಂಚ ಕಡಮೆ. ಒಂದು ನಕ್ಷತ್ರವು ಇಂದು ಉದಯಿಸಿದುದಕ್ಕಿಂತ ನಾಳೆ ಸುಮಾರು ನಾಲ್ಕು ನಿಮಿಷ ಮುಂಚೆ ಉದಯಿಸುತ್ತದೆ. ಸೂರ್ಯನು ನಕ್ಷತ್ರಗಳ ನಡುವೆ ದಿನಕ್ಕೆ ಸುಮಾರು ಒಂದು ಅಂಶದಂತೆ ಪೂರ್ವಾಭಿಮುಖವಾಗಿ ಸರಿಯುತ್ತಿರುವಂತೆ ತೋರುವುದೇ ಇದಕ್ಕೆ ಕಾರಣ. ಅವನ ಈ ವಾರ್ಷಿಕ ಮಾರ್ಗ ಕ್ರಾಂತಿವೃತ್ತ. ಇದು ವಿಷುವದ್ವೃತ್ತಕ್ಕೆ ಸುಮಾರು ಇಪ್ಪತ್ತಮೂರೂವರೆ ಅಂಶಗಳಷ್ಟು ಓರೆಯಾಗಿದ್ದು ಅದನ್ನು ಎರಡು ಕಡೆಗಳಲ್ಲಿ ಕತ್ತರಿಸುತ್ತದೆ. ಆ ಎರಡು ಸಂಪಾತಗಳಲ್ಲಿ ಸೂರ್ಯನಿರುವಾಗ ಹಗಲಿರುಳು ಸಮ. ಅವುಗಳಿಂದ ೯೦ ಅಂಶಗಳ ದೂರದಲ್ಲಿರುವ ಎರಡು ಬಿಂದುಗಳಲ್ಲಿ ಸೂರ್ಯನ ಹೊರಳುವಿಕೆ, ಅಂದರೆ ಅಯನ.

ಇಲ್ಲಿಯವರೆಗೆ ಹೇಳಿದುದು ಒಂದು ವರ್ಷದ ಅಭ್ಯಾಸದಿಂದ ಯಾರಿಗಾದರೂ ಗೋಚರವಾಗುವ ವಿಷಯ. ಅಷ್ಟು ಸುಲಭವಾಗಿ ಗೋಚರವಾಗದ ಮೂರನೆಯ ಚಲನೆಯೊಂದುಂಟು. ಸಂಪಾತಗಳೂ ಅವುಗಳೊಡನೆ ಅಯನಬಿಂದುಗಳೂ ನಕ್ಷತ್ರಗಳ ನಡುವೆ ಸ್ಥಿರವಾಗಿ ನಿಲ್ಲದೆ ಪಶ್ಚಿಮದ ಕಡೆಗೆ ವರ್ಷಕ್ಕೆ ೫೦ ವಿಕಲೆಗಳಿಗಿಂತ ಸ್ವಲ್ಪ ಹೆಚ್ಚಾಗಿ ಜಾರುತ್ತಿವೆ. ಒಂದು ಅಂಶ ಜಾರಲು ಸುಮಾರು ೭೨ ವರ್ಷ. ಒಂದು ಪೂರ್ಣ ಸುತ್ತಿಗೆ ೨೫,೮೦೦ ವರ್ಷಗಳ ಸುಮಾರು. ತಿರುಗುವ ಬುಗುರಿಯ ಮೊಳೆ ನೆಟ್ಟಗಿದ್ದರೂ ಅದರ ತಲೆ ಮೆಲ್ಲಗೆ ಓಲಾಡುತ್ತ ಸುತ್ತುವುದನ್ನು ಎಲ್ಲರೂ ಕಂಡಿದ್ದೇವೆ. ಭೂಮಿಯ ಅಕ್ಷವೂ ಹಾಗೆಯೇ ಓಲಾಡುತ್ತಿದೆ. ಭೂಮಿಯು ನಡುವಿನಲ್ಲಿ ಉಬ್ಬಿರುವುದರಿಂದ ಆ ಉಬ್ಬನ್ನು ಸೂರ್ಯಚಂದ್ರರು ಸೆಳೆಯುವುದೇ ಇದಕ್ಕೆ ಕಾರಣವೆಂದು ನ್ಯೂಟನ್ ೧೬೮೭ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದಲ್ಲಿ ತೋರಿಸಿಕೊಟ್ಟನು. ಹೀಗಾಗಿ ಧ್ರುವ ನಕ್ಷತ್ರವೆಂಬುದು ಕೂಡ ಶಾಶ್ವತವಾದ ಪದವಿಯಲ್ಲ. ಕ್ರಿ.ಪೂ. ಮೂರನೆಯ ಸಹಸ್ರಮಾನದಲ್ಲಿ ಧ್ರುವಸ್ಥಾನದ ಸಮೀಪದಲ್ಲಿದ್ದುದು ತೂಬಾನ್ ಎಂಬ ಬೇರೊಂದು ನಕ್ಷತ್ರ.

ಎಪ್ಪತ್ತೆರಡು ವರ್ಷಕ್ಕೆ ಒಂದು ಅಂಶವೆಂದರೆ, ದೀರ್ಘಾಯುಷ್ಯವುಳ್ಳ ಮನುಷ್ಯನೊಬ್ಬನ ಜೀವಮಾನದಲ್ಲಿ ಪೂರ್ಣಚಂದ್ರನ ಎರಡು ಅಗಲದಷ್ಟು ಸರಿತ. ಬರಿಗಣ್ಣಿನಿಂದ, ಒಬ್ಬನೇ ಮನುಷ್ಯನ ನೆನಪಿನ ಬಲದಿಂದ, ಇದನ್ನು ಹಿಡಿಯುವುದು ಅಸಾಧ್ಯವೆಂದೇ ಹೇಳಬೇಕು. ಹಿಂದಿನವರು ಬರೆದಿಟ್ಟುದು ಕೈಯಲ್ಲಿರಬೇಕು. ಅದು ಇಂದಿನ ಆಕಾಶದೊಡನೆ ಹೊಂದದೆ ಹೋದಾಗ ‘ಹಿಂದಿನವರು ತಪ್ಪಿದರು’ ಎಂದು ತಳ್ಳಿಬಿಡದೆ, ‘ನಮ್ಮ ಕಣ್ಣೇ ತಪ್ಪಿತು’ ಎಂದು ಶರಣಾಗದೆ, ಎರಡನ್ನೂ ನಿಜವೆಂದು ಹಿಡಿದು ಯೋಚಿಸುವ ಧೈರ್ಯ ಬೇಕು. ಗ್ರೀಕರಲ್ಲಿ ಕ್ರಿ.ಪೂ. ಎರಡನೆಯ ಶತಮಾನದ ಹಿಪ್ಪಾರ್ಕಸನು ಮಾಡಿದುದು ಇದನ್ನೇ. ತನಗೆ ಸುಮಾರು ಒಂದೂವರೆ ಶತಮಾನ ಮುಂಚೆ ಟಿಮೊಕಾರಿಸನು ಅಳೆದಿಟ್ಟ ನಕ್ಷತ್ರಸ್ಥಾನವನ್ನು ತನ್ನ ಅಳತೆಯೊಡನೆ ಹೋಲಿಸಿ, ಸುಮಾರು ಎರಡು ಅಂಶಗಳ ಅಂತರವನ್ನು ಕಂಡು, ಸಂಪಾತವೇ ಸರಿಯುತ್ತಿದೆಯೆಂದು ಅವನು ನಿರ್ಣಯಿಸಿದನು. ಅವನು ಹೋಲಿಕೆಗೆ ತೆಗೆದುಕೊಂಡ ಮುಖ್ಯ ನಕ್ಷತ್ರ ನಮ್ಮ ಚಿತ್ರಾ. ಈ ಚಿತ್ರಾ ನಮ್ಮ ಕಥೆಯ ಕೊನೆಯ ಭಾಗದಲ್ಲಿ ಮತ್ತೆ ಬರಲಿದೆ.

ಭಾರತದಲ್ಲಿ ಇದಕ್ಕೆ ಸಮಾನವಾದ ಪ್ರಸಂಗವನ್ನು ವರಾಹಮಿಹಿರನಲ್ಲಿ ನೋಡುತ್ತೇವೆ. ಲಗಧನ ಹೆಸರಿನಲ್ಲಿರುವ ವೇದಾಂಗಜ್ಯೋತಿಷವು ಐದು ವರ್ಷಗಳ ಯುಗವನ್ನು ಮಾಘಮಾಸದಲ್ಲಿ, ಸೂರ್ಯಚಂದ್ರರು ಶ್ರವಿಷ್ಠೆಯಲ್ಲಿ ಕೂಡಿರುವಾಗ ಆರಂಭಿಸುತ್ತದೆ. ಶ್ರವಿಷ್ಠೆಯೆಂದರೆ ಧನಿಷ್ಠೆ. ಅದರ ಆದಿಯಲ್ಲಿ ಉತ್ತರಾಯಣ, ಆಶ್ಲೇಷೆಯ ಮಧ್ಯದಲ್ಲಿ ದಕ್ಷಿಣಾಯನ ಎಂಬುದು ಆ ಗ್ರಂಥದ ಲೆಕ್ಕ. ವರಾಹಮಿಹಿರನ ಪಂಚಸಿದ್ಧಾಂತಿಕೆಯ ಗಣಿತಕ್ಕೆ ಆಧಾರವಾದ ವರ್ಷ ಶಕ ೪೨೭, ಅಂದರೆ ಕ್ರಿ.ಶ. ೫೦೫. ಅವನು ಬೃಹತ್ಸಂಹಿತೆಯ ಆದಿತ್ಯಚಾರಾಧ್ಯಾಯದ ಆರಂಭದಲ್ಲಿಯೇ ಈ ವಿಷಯವನ್ನೆತ್ತಿಕೊಂಡು, ಪೂರ್ವಶಾಸ್ತ್ರಗಳಲ್ಲಿ ಹೇಳಿರುವುದರಿಂದ ಒಂದು ಕಾಲದಲ್ಲಿ ಅಯನಗಳು ಆ ಸ್ಥಾನಗಳಲ್ಲಿಯೇ ಇದ್ದಿರಬೇಕೆಂದೂ, ಈಗಲಾದರೋ ಅವು ಕರ್ಕಟಕದ ಆದಿಯಲ್ಲಿಯೂ ಮಕರದ ಆದಿಯಲ್ಲಿಯೂ ಆಗುತ್ತಿವೆಯೆಂದೂ ತಿಳಿಸುತ್ತಾನೆ. ಅಷ್ಟಕ್ಕೇ ನಿಲ್ಲದೆ, ಮುಂದೆ ಇದೂ ವ್ಯತ್ಯಾಸವಾದರೆ ಪ್ರತ್ಯಕ್ಷವಾಗಿ ಪರೀಕ್ಷಿಸಿ ತಿಳಿಯಬೇಕೆಂದು ಹೇಳಿ, ಪರೀಕ್ಷೆಯ ವಿಧಾನವನ್ನೂ ಸೂಚಿಸುತ್ತಾನೆ: ಉದಯಾಸ್ತಗಳಲ್ಲಿ ಸೂರ್ಯನನ್ನು ದೂರದ ಗುರುತೊಂದಕ್ಕೆ ಸರಿಹೊಂದಿಸಿ ನೋಡುವುದು, ಅಥವಾ ದೊಡ್ಡ ವೃತ್ತವನ್ನು ಬರೆದು ಶಂಕುವಿನ ನೆರಳು ಅದನ್ನು ಹೊಕ್ಕು ಹೊರಡುವ ಎಡೆಗಳನ್ನು ಗುರುತಿಸುವುದು. ಪೂರ್ವಶಾಸ್ತ್ರಕ್ಕೆ ಗೌರವ, ಪ್ರತ್ಯಕ್ಷಕ್ಕೆ ಪ್ರಾಮಾಣ್ಯ: ಎರಡನ್ನೂ ಬಿಟ್ಟುಕೊಡದ ಈ ನಿಲುವು ಪ್ರಶಂಸನೀಯವಾದುದು. ಆದರೆ ಅವನು ಇದರಿಂದ ಚಲನದ ವೇಗವನ್ನು ಗಣಿಸಲು ಹೊರಡಲಿಲ್ಲವೆಂಬುದನ್ನೂ ಮರೆಯಬಾರದು.

ಆ ಗಣನೆಯನ್ನು ನಾವು ಮಾಡಿ ನೋಡಬಹುದು. ಕ್ರಾಂತಿವೃತ್ತವನ್ನು ೨೭ ಸಮಭಾಗಗಳನ್ನಾಗಿ ಮಾಡಿದರೆ ಒಂದೊಂದು ನಕ್ಷತ್ರಕ್ಕೆ ೧೩ ಅಂಶ ೨೦ ಕಲೆ. ಆಶ್ಲೇಷೆಯ ಮಧ್ಯ ಬರುವುದು ೧೧೩ ಅಂಶ ೨೦ ಕಲೆಗೆ. ಕರ್ಕಟಕದ ಆದಿ ೯೦ ಅಂಶಕ್ಕೆ. ಅಂತರ ೨೩ ಅಂಶ ೨೦ ಕಲೆ. ಅಂಶವೊಂದಕ್ಕೆ ೭೨ ವರ್ಷದಂತೆ ಇದು ೧,೬೮೦ ವರ್ಷ. ವರಾಹಮಿಹಿರನ ಕಾಲದಿಂದ ಹಿಂದಕ್ಕೆ ಎಣಿಸಿದರೆ ಕ್ರಿ.ಪೂ. ಹನ್ನೆರಡನೆಯ ಶತಮಾನ ಬರುತ್ತದೆ. ವೇದಾಂಗಜ್ಯೋತಿಷದ ಕಾಲನಿರ್ಣಯಕ್ಕೆ ಇಂತಹ ಗಣನೆಯನ್ನು ಆಧಾರವಾಗಿ ಮಾಡಿಕೊಂಡಿರುವುದುಂಟು. ತರಗತಿಯಲ್ಲಿ ಇದನ್ನು ಹೇಳುವಾಗ ಒಂದು ಎಚ್ಚರವನ್ನೂ ಜೊತೆಗೆ ಹೇಳಬೇಕೆಂದು ನಮಗೆ ತೋರುತ್ತದೆ. ಅಯನದ ಸುತ್ತಮುತ್ತಣ ದಿನಗಳಲ್ಲಿ ಸೂರ್ಯನು ನಿಂತಂತೆಯೇ ಇರುತ್ತಾನೆ. ಅಯನಕ್ಕೆ ಐದು ದಿನ ಮೊದಲಿನ ನೆರಳಿಗೂ ಅಯನದ ದಿನದ ನೆರಳಿಗೂ, ಮೈಸೂರಿನ ಹನ್ನೆರಡಂಗುಲದ ಶಂಕುವಿನಲ್ಲಿ, ಒಂದು ಅಂಗುಲದ ಮೂವತ್ತರಲ್ಲೊಂದು ಪಾಲಿನಷ್ಟೂ ವ್ಯತ್ಯಾಸವಿರುವುದಿಲ್ಲ. ಐದು ದಿನ ತಪ್ಪಿದರೆ ಐದು ಅಂಶ. ಐದು ಅಂಶವೆಂದರೆ ಮುನ್ನೂರ ಅರವತ್ತು ವರ್ಷ. ಅಯನಕ್ಕೆ ಹಿಂದೆಯೂ ಮುಂದೆಯೂ ನೆರಳು ಒಂದೇ ಅಳತೆಗೆ ಬರುವ ಎರಡು ದಿನಗಳನ್ನು ಹಿಡಿದು ನಡುವಣ ದಿನವನ್ನು ತೆಗೆದರೆ ಈ ತಪ್ಪು ಬಹಳ ಕಡಮೆಯಾಗುತ್ತದೆ. ಆದರೆ ಹಾಗೆಯೇ ಮಾಡಿದರೆಂದು ಆ ಗ್ರಂಥ ಹೇಳುವುದಿಲ್ಲ. ಮೇಲಾಗಿ ‘ಶ್ರವಿಷ್ಠೆಯ ಆದಿ’ ಎಂಬುದು ಸಮವಿಭಾಗದ ಆದಿಯೋ ಅಥವಾ ಆ ನಕ್ಷತ್ರಪುಂಜದ ಸ್ಥಾನವೋ ಎಂಬ ಪ್ರಶ್ನೆಯೂ ಇದೆ. ಆದ್ದರಿಂದ ಇಂತಹ ಗಣಿತದಿಂದ ಬರುವ ಕಾಲವನ್ನು ಶತಮಾನಗಳ ಮಟ್ಟಿಗೆ ಸಡಿಲವಾಗಿ ಹಿಡಿಯಬೇಕೇ ಹೊರತು ವರ್ಷದ ಮಟ್ಟಿಗೆ ಬಿಗಿಯಾಗಿ ಹಿಡಿಯಬಾರದು. ೧೮೯೩ರಲ್ಲಿ ಬಾಲ ಗಂಗಾಧರ ತಿಲಕರೂ ಜರ್ಮನಿಯ ಯಾಕೋಬಿಯೂ ಪರಸ್ಪರ ಅರಿಯದೆ ಇದೇ ಜಾಡಿನಲ್ಲಿ ನಡೆದು ವೇದಕಾಲವನ್ನು ಬಹು ಹಿಂದಕ್ಕೆ ಒಯ್ದುದೂ, ವ್ಹಿಟ್ನಿ, ಥಿಬೊ ಮೊದಲಾದವರು ಅದನ್ನು ಒಪ್ಪದೆ ಹೋದುದೂ ಪ್ರಸಿದ್ಧವಾಗಿದೆ. ಆ ವಾದವನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಸಿದ್ಧಾಂತಕಾಲದ ಆಚಾರ್ಯರ ವಿಷಯಕ್ಕೆ ಬಂದರೆ ಒಂದು ವಿಚಿತ್ರ ಕಾಣುತ್ತದೆ. ೪೯೯ರ ಆರ್ಯಭಟೀಯದಲ್ಲಿ ಅಯನಚಲನದ ಪ್ರಸ್ತಾಪವಿಲ್ಲ. ೬೨೮ರಲ್ಲಿ ಬ್ರಾಹ್ಮಸ್ಫುಟಸಿದ್ಧಾಂತವನ್ನು ಬರೆದ ಬ್ರಹ್ಮಗುಪ್ತನೂ ತನ್ನ ಗಣಿತದಲ್ಲಿ ಅದಕ್ಕೆ ಎಡೆಕೊಡಲಿಲ್ಲ. ಅಷ್ಟು ನಿಪುಣರಾದವರು ಇದನ್ನು ಏಕೆ ಹೇಳಲಿಲ್ಲವೆಂಬ ಪ್ರಶ್ನೆಯನ್ನು ೧೧೫೦ರಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದ ಎರಡನೆಯ ಭಾಸ್ಕರಾಚಾರ್ಯನು ತಾನೇ ಎತ್ತಿ ತಾನೇ ಉತ್ತರ ಹೇಳುತ್ತಾನೆ. ಅವರ ಕಾಲದಲ್ಲಿ ಅಂತರವು ಅತ್ಯಲ್ಪವಾಗಿದ್ದುದರಿಂದ ಅವರಿಗೆ ಕಾಣಲಿಲ್ಲ. ಈಗ ಅದು ಹೆಚ್ಚಾಗಿರುವುದರಿಂದ ಈಗಿನವರಿಗೆ ಕಾಣುತ್ತಿದೆ ಎಂಬುದು ಆ ಉತ್ತರ. ಇನ್ನು ಬಹುಕಾಲ ಕಳೆದು ಅಂತರವು ದೊಡ್ಡದಾದಾಗ ಬ್ರಹ್ಮಗುಪ್ತನಂತಹ ಮಹಾಮತಿಗಳು ಮತ್ತೆ ಹುಟ್ಟಿ, ತಮಗೆ ಕಂಡ ಗತಿಯನ್ನು ಅಂಗೀಕರಿಸಿ ಶಾಸ್ತ್ರವನ್ನು ರಚಿಸುವರೆಂದೂ ಅವನು ಮುಂದುವರಿಸುತ್ತಾನೆ. ಗಣಿತಸ್ಕಂಧವನ್ನು ಒಮ್ಮೆಗೇ ಪೂರ್ಣವಾಗಿ ಪ್ರಕಟವಾದ ವಿದ್ಯೆಯೆಂದು ಭಾವಿಸದೆ, ತಲೆಮಾರಿನಿಂದ ತಲೆಮಾರಿಗೆ ತಿದ್ದಿಕೊಳ್ಳುತ್ತ ಬದುಕುವ ವಿದ್ಯೆಯೆಂದು ಭಾವಿಸಿದವನ ಮಾತು ಇದು. ಹನ್ನೆರಡನೆಯ ಶತಮಾನದ ಗ್ರಂಥದಲ್ಲಿ ಇದನ್ನು ಓದಿದಾಗ ಆಶ್ಚರ್ಯವೂ ಸಂತೋಷವೂ ಆಗುತ್ತದೆ.

ವೇಗದ ವಿಷಯದಲ್ಲಿ ಎರಡು ಪಕ್ಷಗಳು ಬೆಳೆದವು. ಭಾಸ್ಕರನು ಉಲ್ಲೇಖಿಸುವ ಮುಂಜಾಲನ ಪಕ್ಷದಂತೆ ಕಲ್ಪವೊಂದಕ್ಕೆ ೧,೯೯,೬೬೯ ಅಯನಭಗಣಗಳು. ಕಲ್ಪದ ೪೩೨ ಕೋಟಿ ವರ್ಷಗಳಿಗೆ ಇದನ್ನು ಹಂಚಿದರೆ ವರ್ಷಕ್ಕೆ ೫೯.೯ ವಿಕಲೆಗಳಾಗುತ್ತವೆ, ಚಲನವು ಒಂದೇ ದಿಕ್ಕಿಗೆ ನಿರಂತರವಾಗಿ ನಡೆಯುತ್ತದೆ. ಮುಂಜಾಲನ ಲಘುಮಾನಸದ ಗಣಿತಾರಂಭ ಶಕ ೮೫೪, ಎಂದರೆ ೯೩೨. ವೇಗ ನಿಜಕ್ಕಿಂತ ಹೆಚ್ಚಾದರೂ ಚಲನದ ಸ್ವರೂಪವನ್ನು ಈ ಪಕ್ಷ ಸರಿಯಾಗಿ ಹಿಡಿದಿದೆ. ಸೂರ್ಯಸಿದ್ಧಾಂತದ ಪಕ್ಷ ಬೇರೆ. ಅದರ ಪ್ರಕಾರ ನಕ್ಷತ್ರಚಕ್ರವು ಉಯ್ಯಾಲೆಯಂತೆ ಮಧ್ಯದಿಂದ ಎರಡು ಕಡೆಗೂ ೨೭ ಅಂಶಗಳವರೆಗೆ ತೂಗಾಡುತ್ತದೆ. ಮಹಾಯುಗಕ್ಕೆ ೬೦೦ ತೂಗಾಟಗಳು. ಒಂದಕ್ಕೆ ೭,೨೦೦ ವರ್ಷ. ವರ್ಷಕ್ಕೆ ೫೪ ವಿಕಲೆ. ಈ ವೇಗವು ಮುಂಜಾಲನದಕ್ಕಿಂತ ನಿಜಕ್ಕೆ ಹತ್ತಿರವಾಗಿದೆ, ಸ್ವರೂಪ ಮಾತ್ರ ದೂರವಾಗಿದೆ! ಇದನ್ನು ನಮ್ಮವರ ದೋಷವೆಂದು ಹಳಿಯಲು ಕಾರಣವಿಲ್ಲ. ಅಲೆಕ್ಸಾಂಡ್ರಿಯದ ಥಿಯೋನನು ಇಂತಹ ತೂಗಾಟದ ಮತವೊಂದನ್ನು ನಾಲ್ಕನೆಯ ಶತಮಾನದಲ್ಲಿಯೇ ಉಲ್ಲೇಖಿಸಿದ್ದಾನೆ. ೧೫೪೩ರಲ್ಲಿ ಕೋಪರ್ನಿಕಸನು ಕೂಡ ಸಂಪಾತಚಲನವು ಸಮವೇಗದ್ದಲ್ಲವೆಂದೇ ನಂಬಿದ್ದನು. ಆದರೆ ತೂಗಾಟದ ಮತದಿಂದ ಭಾರತದಲ್ಲಿ ಒಂದು ವ್ಯಾವಹಾರಿಕ ಪರಿಣಾಮವಾಯಿತೆಂದು ನಮ್ಮ ಊಹೆ. ಹೋದುದು ತಾನಾಗಿಯೇ ಹಿಂದಿರುಗುವುದಾದರೆ ಪಂಚಾಂಗವನ್ನು ತಿದ್ದುವ ಅವಸರವೇನು? ಸೂರ್ಯಸಿದ್ಧಾಂತದ ಲೆಕ್ಕದಂತೆ ಅಯನಾಂಶವು ಶೂನ್ಯವಾಗಿದ್ದುದು ಕಲಿವರ್ಷ ೩೬೦೦ರಲ್ಲಿ, ಎಂದರೆ ೪೯೯ರಲ್ಲಿ. ಅಲ್ಲಿಂದ ೧,೮೦೦ ವರ್ಷ ಬೆಳೆದು ೨೨೯೯ರಲ್ಲಿ ಅದು ೨೭ ಅಂಶವನ್ನು ಮುಟ್ಟಿ ಹಿಂದಕ್ಕೆ ತಿರುಗಬೇಕು. ಇಂದು ಸಾಮಾನ್ಯವಾಗಿ ಬಳಸುವ ಅಯನಾಂಶ ಆಗಲೇ ೨೪ ಅಂಶಗಳನ್ನು ದಾಟಿದೆ. ಇನ್ನು ಸುಮಾರು ಇನ್ನೂರು ವರ್ಷಗಳಲ್ಲಿ ೨೭ನ್ನೂ ದಾಟಿ ಮುಂದಕ್ಕೆ ಹೋಗುತ್ತದೆ.

ಇನ್ನು ವರ್ಷದ ಪ್ರಮಾಣಕ್ಕೆ ಬರೋಣ. ಸೂರ್ಯನು ಒಂದು ನಕ್ಷತ್ರದಿಂದ ಹೊರಟು ಅದೇ ನಕ್ಷತ್ರಕ್ಕೆ ಬರುವ ನಾಕ್ಷತ್ರವರ್ಷ ೩೬೫.೨೫೬೪ ದಿನ, ಸಂಪಾತದಿಂದ ಸಂಪಾತಕ್ಕೆ ಬರುವ ಸಾಯನವರ್ಷ ೩೬೫.೨೪೨೨ ದಿನ. ವ್ಯತ್ಯಾಸ ಇಪ್ಪತ್ತು ನಿಮಿಷಗಳ ಮೇಲೆ ಕೆಲವು ಸೆಕೆಂಡು. ಋತುಗಳು ಅನುಸರಿಸುವುದು ಎರಡನೆಯದನ್ನು. ನಮ್ಮ ಸಂಕ್ರಮಣಗಳು ಅನುಸರಿಸುವುದು ಮೊದಲನೆಯದನ್ನು. ಸೂರ್ಯಸಿದ್ಧಾಂತದ ವರ್ಷ ೩೬೫.೨೫೮೮ ದಿನವಾಗಿದ್ದು ನಾಕ್ಷತ್ರವರ್ಷಕ್ಕಿಂತಲೂ ಕೊಂಚ ದೊಡ್ಡದು; ಆದುದರಿಂದ ಅದರಂತೆ ಗಣಿಸಿದ ಸಂಕ್ರಮಣವು ಋತುವಿನಿಂದ ಅರವತ್ತು ವರ್ಷಕ್ಕೆ ಒಂದು ದಿನದಂತೆ ಹಿಂದೆ ಬೀಳುತ್ತದೆ. ಹಗಲಿನ ಪ್ರಮಾಣ, ಲಗ್ನ, ನೆರಳು ಇವುಗಳ ಗಣಿತದಲ್ಲಿ ಅಯನಾಂಶವನ್ನು ಸೇರಿಸಿಕೊಳ್ಳಬೇಕೆಂದು ಜ್ಯೋತಿಷಿಗಳು ಚೆನ್ನಾಗಿಯೇ ಬಲ್ಲವರಾಗಿದ್ದರು. ಭಾಸ್ಕರನು ೧೧೮೩ರ ಕರಣಕುತೂಹಲದಲ್ಲಿ ಅದಕ್ಕೆ ೧೧ ಅಂಶಗಳನ್ನು ಹೇಳಿದ್ದಾನೆ. ಆದರೆ ಪುಣ್ಯಕಾಲದ ನಿರ್ಣಯವು ಮಕರರಾಶಿಯ ಪ್ರವೇಶಕ್ಕೇ ಅಂಟಿಕೊಂಡಿತು. ಉತ್ತರಾಯಣವೆಂಬ ಹೆಸರು ಮಾತ್ರ ವರಾಹಮಿಹಿರನ ಕಾಲದಲ್ಲಿ ಎಲ್ಲಿತ್ತೋ ಅಲ್ಲಿಯೇ ಉಳಿಯಿತು.

ಕರ್ನಾಟಕದ ಶಾಸನಗಳಲ್ಲಿ ಇದರ ಫಲ ಸ್ಪಷ್ಟವಾಗಿ ಕಾಣುತ್ತದೆ. ಕಲ್ಯಾಣದ ಚಾಲುಕ್ಯರ ಹಾಗೂ ಹೊಯ್ಸಳರ ಕಾಲದ ದಾನಶಾಸನಗಳಲ್ಲಿ ಸೂರ್ಯಗ್ರಹಣ, ವ್ಯತೀಪಾತಗಳ ಜೊತೆಗೆ ‘ಉತ್ತರಾಯಣ ಸಂಕ್ರಮಣ’ವನ್ನು ನಿಮಿತ್ತವಾಗಿ ಹೇಳಿ ಧಾರಾಪೂರ್ವಕವಾಗಿ ಭೂಮಿಯನ್ನು ಬಿಟ್ಟ ಉದಾಹರಣೆಗಳು ವಿಪುಲವಾಗಿವೆ. ಹನ್ನೆರಡನೆಯ ಶತಮಾನದ ಇಂತಹ ತೇದಿಗಳನ್ನು ಜೂಲಿಯನ್ ಗಣನೆಗೆ ಪರಿವರ್ತಿಸಿದರೆ ಸಾಮಾನ್ಯವಾಗಿ ಡಿಸೆಂಬರ್ ೨೪ ಅಥವಾ ೨೫ ಬರುತ್ತದೆ. ಆ ಶತಮಾನದ ಮಧ್ಯಭಾಗದಲ್ಲಿ ನಿಜವಾದ ಉತ್ತರಾಯಣ ಅದೇ ಗಣನೆಯಲ್ಲಿ ಡಿಸೆಂಬರ್ ೧೫ರ ಸುಮಾರಿಗೆ ಆಗುತ್ತಿತ್ತು. ಹತ್ತು ದಿನಗಳ ಅಂತರ. ಭಾಸ್ಕರನು ಅಯನಾಂಶವನ್ನು ಕುರಿತು ಬರೆಯುತ್ತಿದ್ದ ತಲೆಮಾರಿನಲ್ಲಿಯೇ ರಾಜರೂ ಸಾಮಂತರೂ ಹೆಗ್ಗಡೆಗಳೂ ಹತ್ತು ದಿನ ಕಳೆದುಹೋದ ಉತ್ತರಾಯಣದಲ್ಲಿ ದಾನ ಮಾಡುತ್ತಿದ್ದರು.

ಶಾಸನದ ತೇದಿಯನ್ನು ಪರೀಕ್ಷಿಸುವ ವಿದ್ಯಾರ್ಥಿ ಇಲ್ಲಿ ಎಡವುವ ಸಂಭವವುಂಟು. ಆಧುನಿಕ ಖಗೋಳಗಣಿತದಿಂದ ಅಯನದ ನಿಜವಾದ ಕ್ಷಣವನ್ನು ತೆಗೆದು ಅದಕ್ಕೆ ಶಾಸನದ ತಿಥಿವಾರಗಳನ್ನು ಹೊಂದಿಸಹೊರಟರೆ ಸರಿಯಾದ ಶಾಸನವೂ ತಪ್ಪಾಗಿ ಕಾಣುತ್ತದೆ. ಒಳ್ಳೆಯ ದಾಖಲೆಗೆ ಕೂಟಶಾಸನವೆಂಬ ಅಪವಾದ ಬಂದರೂ ಬರಬಹುದು. ಆಕಾಶದಲ್ಲಿ ಏನು ನಡೆಯಿತೆಂಬುದಲ್ಲ, ಆ ಊರಿನ ಜೋಯಿಸನು ಯಾವ ಸಿದ್ಧಾಂತದಿಂದ ಎಣಿಸಿದನೆಂಬುದು ಇಲ್ಲಿ ಮುಖ್ಯ. ರಾಬರ್ಟ್ ಸೀವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು ೧೮೯೬ರಲ್ಲಿ ಪ್ರಕಟಿಸಿದ ಭಾರತೀಯ ಪಂಚಾಂಗದ ಕೋಷ್ಟಕಗಳೂ, ೧೯೨೨ರ ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕಗಳೂ ಭಾರತೀಯ ಸಿದ್ಧಾಂತಗಳ ಮಾನಗಳನ್ನು ಗಣನೆಗೆ ತೆಗೆದುಕೊಂಡೇ ರಚಿತವಾದವು. ಶಾಸನಾಭ್ಯಾಸಿಗಳಿಗೆ ಅವು ಅಷ್ಟು ಉಪಯುಕ್ತವಾದುದು ಅದರಿಂದಲೇ. ಇಂದು ಗಣಕಯಂತ್ರವು ಕ್ಷಣಮಾತ್ರದಲ್ಲಿ ನಿಜವಾದ ಅಯನವನ್ನು ತೋರಿಸಿಕೊಡುವುದರಿಂದ ಈ ಎಡವಟ್ಟಿನ ಭಯ ಹಿಂದಿಗಿಂತ ಹೆಚ್ಚೇ ಆಗಿದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪಂಚಾಂಗಶೋಧನದ ಚರ್ಚೆ ಬಲವಾದಾಗ ಮತ್ತೊಂದು ತೊಡಕು ಎದುರಾಯಿತು. ಅಯನಾಂಶವನ್ನು ಅಳೆಯಬೇಕಾದರೆ ಮೇಷಾದಿ ಎಲ್ಲಿದೆಯೆಂದು ಗೊತ್ತಿರಬೇಕು. ಅಲ್ಲಿ ಗುರುತಿಗೆ ತಕ್ಕ ಪ್ರಕಾಶಮಾನವಾದ ನಕ್ಷತ್ರವಿಲ್ಲ. ಸೂರ್ಯಸಿದ್ಧಾಂತವು ಚಿತ್ರೆಗೆ ೧೮೦ ಅಂಶಗಳನ್ನೂ ರೇವತಿಗೆ ೩೫೯ ಅಂಶ ೫೦ ಕಲೆಗಳನ್ನೂ ಹೇಳುತ್ತದೆ. ಎರಡನ್ನೂ ಒಟ್ಟಿಗೆ ಸಾಧಿಸಲು ಆಕಾಶ ಒಪ್ಪುವುದಿಲ್ಲ. ರೇವತಿಯನ್ನು ಹಿಡಿದ ತಿಲಕರ ಪಕ್ಷಕ್ಕೂ ಚಿತ್ರೆಯನ್ನು ಹಿಡಿದ ಪಕ್ಷಕ್ಕೂ ಸುಮಾರು ನಾಲ್ಕು ಅಂಶಗಳ ವ್ಯತ್ಯಾಸ ಬಂದಿತು. ಚಿತ್ರಾಪಕ್ಷದ ಪ್ರಬಲ ಸಮರ್ಥಕರಲ್ಲಿ ಒಬ್ಬರು ಬಾಗಲಕೋಟೆಯಲ್ಲಿ ಶಿಕ್ಷಕರಾಗಿದ್ದ ವೆಂಕಟೇಶ ಬಾಪೂಜಿ ಕೇತಕರರು. ಪಾಶ್ಚಾತ್ಯ ಗಣಿತದ ಸೂಕ್ಷ್ಮಮಾನಗಳನ್ನು ಸಂಸ್ಕೃತದಲ್ಲಿ ಪಂಚಾಂಗಕರ್ತರ ಕೈಗೆಟುಕುವಂತೆ ಅಳವಡಿಸಿದ ಅವರ ಜ್ಯೋತಿರ್ಗಣಿತವೂ ಕೇತಕೀ ಗ್ರಹಗಣಿತವೂ ನಮ್ಮ ನಾಡಿನ ಪರಿಸರದಲ್ಲಿ ಹುಟ್ಟಿದ ಗ್ರಂಥಗಳೆಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರುವುದು ವಿರಳ.

ಸ್ವಾತಂತ್ರ್ಯಾನಂತರ ೧೯೫೨ರಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿಯು ೧೯೫೫ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ೧೯೫೬ರ ಮಾರ್ಚ್ ೨೧ಕ್ಕೆ ಅಯನಾಂಶ ೨೩ ಅಂಶ ೧೫ ಕಲೆಯೆಂದು ನಿಗದಿಯಾದುದು ಚಿತ್ರಾಪಕ್ಷದ ಆಧಾರದ ಮೇಲೆಯೇ. ಹಿಪ್ಪಾರ್ಕಸನಿಗೆ ಸಂಪಾತದ ಸರಿತವನ್ನು ತೋರಿಸಿಕೊಟ್ಟ ನಕ್ಷತ್ರದಿಂದಲೇ ಭಾರತವೂ ಆ ಸರಿತವನ್ನು ಅಳೆಯುವಂತಾಯಿತು. ಲೌಕಿಕ ವ್ಯವಹಾರಕ್ಕಾಗಿ ಸಮಿತಿ ಸೂಚಿಸಿದ ರಾಷ್ಟ್ರೀಯ ಪಂಚಾಂಗ ಸಾಯನಮಾನದ್ದು. ಅದು ೧೯೫೭ರ ಮಾರ್ಚ್ ೨೨ರಂದು, ಶಕ ೧೮೭೯ರ ಚೈತ್ರ ೧ ಎಂಬ ಗಣನೆಯಿಂದ ಜಾರಿಗೆ ಬಂದಿತು. ೧೯೫೬ರಲ್ಲಿಯೇ ತೀರಿಕೊಂಡ ಸಾಹಾ ಅವರು ಅದನ್ನು ಕಾಣಲಿಲ್ಲ. ಹಬ್ಬಗಳ ಪಂಚಾಂಗಗಳು ಮಾತ್ರ ನಿರಯಣಮಾನವನ್ನು ಬಿಡಲಿಲ್ಲ. ರಾಷ್ಟ್ರೀಯ ಪಂಚಾಂಗದಲ್ಲಿ ಪೌಷಮಾಸದ ಮೊದಲನೆಯ ದಿನ ಡಿಸೆಂಬರ್ ೨೨. ಆ ಲೆಕ್ಕದಂತೆ ಜನವರಿ ೧೪ರ ಮಕರ ಸಂಕ್ರಮಣ ಪೌಷ ೨೪ಕ್ಕೆ ಬೀಳುತ್ತದೆ. ಅಯನದಿಂದ ಸಂಕ್ರಮಣ ಎಷ್ಟು ದಿನ ದೂರ ಬಂದಿದೆಯೆಂಬುದನ್ನು ಆ ತೇದಿಯ ಅಂಕಿಯೇ ಹೇಳುತ್ತದೆ. ಇತ್ತೀಚಿನ ವರ್ಷಗಳಲ್ಲಿ ಹಬ್ಬವು ಕೆಲವು ಸಲ ಜನವರಿ ೧೫ಕ್ಕೆ ಬರುತ್ತಿರುವುದನ್ನು ಎಲ್ಲರೂ ಕಂಡಿದ್ದಾರೆ. ಸುಮಾರು ಎಪ್ಪತ್ತು ವರ್ಷಕ್ಕೊಂದರಂತೆ ಆ ಅಂಕಿ ೨೫, ೨೬, ೨೭ ಎಂದು ಏರುತ್ತ ಹೋಗುತ್ತದೆ.